ನಿಘಂಟಿಗೆ ನೂಲು ಕಟ್ಟಿದ ಕಾಮಾಕ್ಷಿಯಮ್ಮ

ಸೂರ್ಯ ಹುಟ್ಟುವ ಮೊದಲೇ ಬೀದಿಯಲ್ಲಿ ಪಾವು ಹರಡಿಯಾಗಿದೆ. ಪಾವು ಎಂದರೆ ಬಟ್ಟೆಯ ಉದ್ದದ ನೂಲು, ಹಾಸು. ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯಂನಲ್ಲಿ ಮೇಟ್ಟುಪಾಳ್ಯಂ ರಸ್ತೆಯ ಬಸ್ಸುಗಳ ಸದ್ದು ಕೇಳುವಷ್ಟು ದೂರದಲ್ಲಿ ನೇಕಾರರ ಈ ಬೀದಿ ಇದೆ. ನೂಲು ಒಂದು ಮನೆಯ ಬಾಗಿಲಿನಿಂದ ಹೊರಟು, ಆರೇಳು ಮನೆ ದಾಟಿ, ಬಿದಿರು ಗಳುಗಳ ಮೇಲೆ ಬಿಗಿಯಾಗಿ ನಿಂತಿದೆ. ಕಾಮಾಕ್ಷಿಯಮ್ಮ ಅಗಲವಾದ ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು, ಗಂಜಿ ಸವರಿದ ನೂಲಿನ ಮೇಲೆ ಒತ್ತಿ ಎಳೆಯುತ್ತ ನಡೆಯುತ್ತಾರೆ. ಎದುರು ಬದಿಯಲ್ಲಿ ಇನ್ನೊಬ್ಬರು ಹಾಗೇ ನಡೆಯುತ್ತಾರೆ. ತುದಿ ಮುಟ್ಟಿ ತಿರುಗುತ್ತಾರೆ. ಬಿಸಿಲು ಬೀಳುವುದರೊಳಗೆ ಮುಗಿಸಬೇಕು. ಬಿಸಿಲಿಗೆ ಗಂಜಿ ಬೇಗ ಒಣಗಿದರೆ ನೂಲಿಗೆ ನೂಲು ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ.

ನಡೆಯುವಾಗ ಅವರ ತುಟಿ ಅಲ್ಲಾಡುತ್ತಿರುತ್ತದೆ. ಹಾಡು ಇರಬೇಕೆಂದು ಹತ್ತಿರ ಹೋದರೆ ಹಾಡಲ್ಲ. “ತ, ಥ, ದ, ಧ, ನ” ಎನ್ನುತ್ತಿದ್ದಾರೆ. ಹಾಲಿನ ಸೈಕಲ್ ತಳ್ಳಿಕೊಂಡು ಬಂದ ವೇಲುಸಾಮಿ ಪಾವಿನ ಕೆಳಗೆ ತಲೆ ಬಗ್ಗಿಸಿ ದಾಟುತ್ತ ಕೇಳುತ್ತಾನೆ:

“ಏನ್ ದೊರೆಸಾನಿ, ಪಾವಿಗೂ ಪಾಠ ಯೋಳಿಕೊಡ್ತಿದ್ದೀಯಾ?”

“ನಿನ್ನ ತಲೆಗೆ ಅತ್ತಲಿಲ್ಲ, ಪಾವಿಗಾದ್ರೂ ಅತ್ತಲಿ ಬುಡು. ತಲೆ ಬಗ್ಗಿಸಿ ಓಗು, ನೂಲು ಮುಟ್ಟಬೇಡ.”

ಕಾಮಾಕ್ಷಿಯಮ್ಮನಿಗೆ ಐವತ್ತರ ಹತ್ತಿರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಆದರೆ ಕನ್ನಡ ಅಕ್ಷರ ಗೊತ್ತಿಲ್ಲ. ತಮಿಳು ಅಕ್ಷರವೂ ಗೊತ್ತಿಲ್ಲ. ಬಸ್ಸಿನ ಬೋರ್ಡ್ ನೋಡಿ ಪಕ್ಕದವರನ್ನು ಕೇಳುತ್ತಾರೆ. ಅವರು ಓದಬಲ್ಲದ್ದು ಇಂಗ್ಲಿಷ್ ಒಂದೇ. ದಿನವೂ ಪಾವಿನ ಕೆಲಸ ಮುಗಿಸಿ ಕೈ ತೊಳೆದು ಅವರು ಹೋಗಿ ಕೂರುವುದು ಒಂದು ದಪ್ಪ ಪುಸ್ತಕದ ಮುಂದೆ. ಅದು ಸಂಸ್ಕೃತ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ನಿಘಂಟು. ಸಂಸ್ಕೃತ ಅವರಿಗೆ ಒಂದಕ್ಷರ ತಿಳಿಯದು. ಇದನ್ನು ಮೊದಲು ಕೇಳಿದಾಗ, ಈ ಬೀದಿಯ ಬಗ್ಗೆ ಬರೆಯಲು ಬಂದ ನನಗೆ, ಯಾರೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತ್ತು.

“ಅದು ಎಂಗಾಯ್ತು ಅಂದ್ರೆ ಅಮ್ಮಿಣಿ,” ಎಂದು ಅವರು ಶುರುಮಾಡುತ್ತಾರೆ. ಇಲ್ಲಿ ಹುಡುಗಿಯರನ್ನು ಪ್ರೀತಿಯಿಂದ ಕರೆಯುವುದು ಹಾಗೆ. “ನಮ್ಮಪ್ಪ ತರಿಯಲ್ಲೇ ಕೂತು ಕೂತು ಕೆಮ್ಮಿ ಸತ್ರು. ನಮ್ಮವ್ವೆ ಮಿಲ್ ದೊರೆ ಬಂಗಲೆಯಲ್ಲಿ ಪಾತ್ರೆ ಬೆಳಗಕ್ಕೆ ಓದ್ಲು. ದೊರೆಗೆ ನನ್ನ ವಯಸ್ಸಿನ ಮಗಳಿದ್ಲು. ಅವಳ ಜೊತೆ ಆಡಕ್ಕೆ ನನ್ನ ಇಟ್ಕೊಂಡ್ರು. ಅವಳಿಗೆ ಪಾಠ ಯೋಳೋವಾಗ ನಾನು ಪಕ್ಕದಲ್ಲೇ. ಅವಳು ಸುಮ್ಮನೆ ಕೂರಬೇಕಾದ್ರೆ ನಾನು ಕೂತಿರಬೇಕು, ಅದೇ ನನ್ನ ವೇಲೆ.” ತರಿ ಎಂದರೆ ಮಗ್ಗ, ವೇಲೆ ಎಂದರೆ ಕೆಲಸ. ನಾಲ್ಕು ವರ್ಷ ಹಾಗೆ ಕೂತಿದ್ದರಿಂದ ಅಕ್ಷರ ಬಂತು, ಓದುವುದು ಬಂತು, ದೊರೆಸಾನಿಯ ಹಾಗೆ ನಾಲಿಗೆ ತಿರುಗಿಸುವುದೂ ಬಂತು. ಸ್ವಾತಂತ್ರ್ಯ ಬಂದ ವರ್ಷ ದೊರೆ ಸಂಸಾರ ಹಡಗು ಹತ್ತಿತು. ಹತ್ತು ವರ್ಷದ ಕಾಮಾಕ್ಷಿ ಬೀದಿಗೆ ವಾಪಸಾಗಿ ರಾಟೆ ತಿರುಗಿಸಲು ಕೂತಳು. ಆಮೇಲೆ ಶಾಲೆಯ ಮಾತೇ ಇಲ್ಲ.

ಹಾಗಾಗಿ ಅವರಿಗೆ ಗೊತ್ತಿರುವುದು ಮಕ್ಕಳ ಇಂಗ್ಲಿಷ್. ಬೆಕ್ಕು, ಮಳೆ, ಕುದುರೆ, ಮೊಲ, ತೋಟದ ಬಾಗಿಲು. ಯಾವ ಪುಟ ಕೊಟ್ಟರೂ ತಡೆಯಿಲ್ಲದೆ ಓದುತ್ತಾರೆ. ಓದಿದ್ದರಲ್ಲಿ ಹೆಚ್ಚಿನದು ಅವರಿಗೆ ತಿಳಿಯುವುದಿಲ್ಲ. ತಿಳಿಯುವವರು ಎದುರಿಗೆ ಕೂತಿರುತ್ತಾರೆ. ಅವರಿಗೆ ಕಣ್ಣಿಲ್ಲ.

ಅವರು ಸೋಮಸುಂದರಂ. ಮಿಲ್ಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಈ ಬೀದಿಯ ಹಿರಿಯರು, ಎಲ್ಲರಿಗೂ ಮಾಮ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದನ್ನು ತೆಗೆದುಕೊಂಡಿತು. ನಿಘಂಟು ಅವರದು. ಮಿಲ್ಲಿನ ಆಫೀಸು ಖಾಲಿ ಮಾಡುವಾಗ ಹಳೇ ಕಾಗದದ ಗುಡ್ಡೆಯಲ್ಲಿ ಬಿದ್ದಿದ್ದನ್ನು ಎತ್ತಿಟ್ಟುಕೊಂಡಿದ್ದರು. ಆಗ ಕಣ್ಣಿತ್ತು, ಓದಲು ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತಿದೆ. ಅವರ ಇಂಗ್ಲಿಷ್ ಆಫೀಸಿನ ಇಂಗ್ಲಿಷ್. ಅರ್ಜಿ, ರಜೆ, ಸರಕು, ಮೇಲೆ ಕಾಣಿಸಿದ ವಿಷಯ. ಒಬ್ಬರದು ಬಂಗಲೆಯ ಇಂಗ್ಲಿಷ್, ಒಬ್ಬರದು ಆಫೀಸಿನದು. ಎರಡೂ ಕೂಡಿಸಿದರೂ ನಿಘಂಟಿನ ಇಂಗ್ಲಿಷ್ ಪೂರ್ತಿ ಆಗುವುದಿಲ್ಲ. ಆದರೂ ದಿನವೂ ಕೂಡಿಸುತ್ತಾರೆ.

ಅವರ ಮನೆಯ ಜಗಲಿಯಲ್ಲಿ ಮಣೆ ಇಟ್ಟು ಅದರ ಮೇಲೆ ಪುಸ್ತಕ ಇಡುತ್ತಾರೆ. ಪುಟಗಳ ಅಂಚಿನಿಂದ ಬಣ್ಣಬಣ್ಣದ ನೂಲು ಇಳಿಬಿದ್ದಿದೆ. ನಿಘಂಟು ಎ ಬಿ ಸಿ ಕ್ರಮದಲ್ಲಿ ಇಲ್ಲ, ಅ ಆ ಇ ಈ ಕ್ರಮದಲ್ಲಿದೆ. ಸೋಮಸುಂದರಂಗೆ ಆ ಕ್ರಮ ಬಾಯಿಪಾಠ, ಅಪ್ಪ ಹೇಳಿಕೊಟ್ಟದ್ದು. ಕಾಮಾಕ್ಷಿಯಮ್ಮನಿಗೆ ಕಾಣುವುದು ಇಂಗ್ಲಿಷ್ ಅಕ್ಷರ, ಅದರ ಮೇಲೆ ಗೆರೆ, ಕೆಳಗೆ ಚುಕ್ಕಿ. ಮೊದಲ ದಿನ ಸೋಮಸುಂದರಂ ‘ಕ’ ಎಂದಾಗ ಕಾಮಾಕ್ಷಿಯಮ್ಮ ಪುಸ್ತಕದ ನಡುವನ್ನು ತೆರೆಯಲಿಲ್ಲ. ಮೊದಲ ಹಾಳೆಯಿಂದ ಶುರುಮಾಡಿ ಒಂದೊಂದೇ ಹಾಳೆ ದಾಟಿಕೊಂಡು ‘ಕ’ಕ್ಕೆ ಬಂದರು.

“ನಡುವಿನಿಂದ ಯಾಕೆ ತೆಗೆಯಲಿಲ್ಲ?” ಎಂದು ಕೇಳಿದೆ.

“ಪಾವನ್ನ ಯಾರಾದ್ರೂ ನಡುವಿನಿಂದ ಶುರು ಮಾಡ್ತಾರಾ ಅಮ್ಮಿಣಿ? ಮೊದಲ ಎಳೆ ಬುಟ್ಟು ನಡುವೆ ಕೈ ಆಕಿದ್ರೆ ಎಲ್ಲಾ ಸಿಕ್ಕಾಗ್ತದೆ.”

ಹಾಗೆ ಒಂದು ಸಲ ಪೂರ್ತಿ ಪುಸ್ತಕ ದಾಟಿದ ಮೇಲೆಯೇ ನೂಲು ಕಟ್ಟಿದ್ದು. ‘ಕ’ದಿಂದ ಶುರುವಾಗುವ ಸಾಲಿಗೆ ಕೆಂಪು, ‘ಚ’ ಸಾಲಿಗೆ ಹಸಿರು, ‘ತ’ ಸಾಲಿಗೆ ಹಳದಿ. ಸಾಲಿನೊಳಗೆ ಎಷ್ಟನೇ ಅಕ್ಷರವೋ ಅಷ್ಟು ಗಂಟು. ಈಗ ಸೋಮಸುಂದರಂ ಶಬ್ದ ಹೇಳುತ್ತಾರೆ. ಕಾಮಾಕ್ಷಿಯಮ್ಮ ಬೆರಳಿನಿಂದ ಗಂಟು ಮುಟ್ಟಿ ನೋಡಿ ಪುಟ ತೆರೆಯುತ್ತಾರೆ. ಬೆರಳು ಕೆಳಗೆ ಇಳಿಯುತ್ತದೆ. ಸಿಕ್ಕಿದರೆ ಓದುತ್ತಾರೆ. ಸೋಮಸುಂದರಂ ತಲೆ ವಾಲಿಸಿ ಕೇಳುತ್ತಾರೆ. ಎಷ್ಟೋ ಸಲ ಅದು ಇಬ್ಬರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವುದು ಬೇಗ ಗೊತ್ತಾಗಲಿಲ್ಲ. ಅದನ್ನು ಅವರು ಎಲ್ಲರಿಗೂ ಹೇಳುವುದಿಲ್ಲ.

ಈ ಬೀದಿಯಲ್ಲಿ ತಲೆಮಾರುಗಳಿಂದ ಬಂದ ನಾಲ್ಕು ಸಾಲಿನ ಒಂದು ಸಂಸ್ಕೃತ ಶ್ಲೋಕ ಇದೆ. ಬಾಯಿಂದ ಬಾಯಿಗೆ ಬಂದದ್ದು. ಸೋಮಸುಂದರಂ ಮನೆಯವರೇ ಅದನ್ನು ಹೇಳಬೇಕು. ಮದುವೆಯಲ್ಲಿ ಹೆಣ್ಣಿಗೆ ಸೀರೆ ಕೊಡುವಾಗ ಹೇಳುತ್ತಾರೆ. ಯಾರಾದರೂ ತೀರಿಕೊಂಡರೆ ದೇಹಕ್ಕೆ ಬಟ್ಟೆ ಹೊದಿಸುವಾಗಲೂ ಅದನ್ನೇ ಹೇಳುತ್ತಾರೆ. ಅರ್ಥ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಕೆಲವು ವರ್ಷಗಳ ಹಿಂದೆ ಸೋಮಸುಂದರಂ ಹೆಂಡತಿ ತೀರಿಕೊಂಡಾಗ ಅವರೇ ನಿಂತು ಶ್ಲೋಕ ಹೇಳಿದರು. ಬೇರೆ ಊರಿನಿಂದ ಬಂದಿದ್ದ ಒಬ್ಬ ಪುರೋಹಿತರು ಅದನ್ನು ಕೇಳಿ, “ಇದು ಮಂಗಳದ್ದಲ್ಲವೇ? ಹೆಣದ ಮುಂದೆ ಯಾಕೆ ಹೇಳಿದಿರಿ?” ಎಂದುಬಿಟ್ಟರು. ಬಸ್ಸಿಗೆ ಹೊತ್ತಾಯಿತೆಂದು ಹೊರಟೂ ಹೋದರು.

“ಆ ಮನುಷ್ಯ ಒಂದು ಕೇಳ್ವಿ ಆಕಿ ಬಸ್ ಅತ್ತಿ ಓಗ್ಬುಟ್ಟ,” ಎನ್ನುತ್ತಾರೆ ಸೋಮಸುಂದರಂ. “ನಂಗೆ ಅವತ್ತಿಂದ ನಿದ್ದೆ ಇಲ್ಲೆ. ನಮ್ಮಪ್ಪ ಯೋಳಿದ್ದು, ನಾನು ಯೋಳಿದ್ದು, ಈ ಬೀದಿಯ ಎಷ್ಟು ಎಣದ ಮುಂದೆ? ತಪ್ಪು ಯೋಳಿ ಕಳಿಸಿದ್ರೆ ಅವರೆಲ್ಲಾ ಎಲ್ಲಿ ನಿಂತಿದ್ದಾರೋ ಏನೋ. ನನ್ನ ಎಂಡತಿ ಎಲ್ಲಿ ನಿಂತಿದ್ದಾಳೋ.”

ಕಾಮಾಕ್ಷಿಯಮ್ಮ ಕೈಯಲ್ಲಿದ್ದ ನೂಲಿನ ಗಂಟು ತಿರುಗಿಸುತ್ತಿರುತ್ತಾರೆ. ಅವರ ಗಂಡ ಪೊನ್ನುಸಾಮಿ ತೀರಿಕೊಂಡಾಗಲೂ ಶ್ಲೋಕ ಹೇಳಿದ್ದು ಸೋಮಸುಂದರಂ ಅವರೇ. ಮಗ್ಗದಿಂದ ಇಳಿದು ಇನ್ನೂ ನೀರು ಕಾಣದ ಬಟ್ಟೆಗೆ ಇಲ್ಲಿ ಕೋಡಿ ಎನ್ನುತ್ತಾರೆ. ಅವತ್ತು ಪೊನ್ನುಸಾಮಿಗೆ ಹೊದಿಸಿದ ಕೋಡಿಯ ಪಾವಿಗೆ ಗಂಜಿ ಹಾಕಿದ್ದು ಕಾಮಾಕ್ಷಿಯಮ್ಮನೇ, ಯಾರಿಗಾಗಿ ಎಂದು ಗೊತ್ತಿಲ್ಲದೆ. “ಮಾಮ ಕರೆದು ಬುಕ್ ಓದು ಅಂದಾಗ ಯಾಕೆ ಏನು ಅಂತ ನಾನು ಕೇಳಲಿಲ್ಲ,” ಎಂದಷ್ಟೇ ಹೇಳುತ್ತಾರೆ. “ನಂಗೂ ಬೇಕಿತ್ತು.”

ಹುಡುಕಾಟ ಸುಲಭದ್ದಾಗಿರಲಿಲ್ಲ. ಮೊದಲ ಶಬ್ದ ‘ತಂತು’. ಅದು ನೂಲು ಎಂದು ಅವರು ಅಂದುಕೊಂಡಿದ್ದರು. ಪುಸ್ತಕವೂ ನೂಲು ಎಂದಿತು. ಆಮೇಲೆ ವಂಶ ಎಂದಿತು. ಆಮೇಲೆ ಶಾರ್ಕ್ ಎಂದಿತು.

“ಅದೇನು ಮಾಮಾ ಶಾರ್ಕ್?”

“ಕಡಲಲ್ಲಿ ಇರೋ ದೊಡ್ಡ ಮೀನು. ಆಳನ್ನ ತಿಂತದೆ.”

“ಅದಕ್ಕೂ ನೂಲಿಗೂ ಏನು ಸಂಬಂದ?”

“ನಂಗೆಂಗೆ ಗೊತ್ತು? ನೀನೇ ತಾನೆ ಓದಿದ್ದು?”

ಇನ್ನೊಂದು ದಿನ ಓತು ಎನ್ನುವ ಶಬ್ದ. ಪುಸ್ತಕ ಅಡ್ಡನೂಲು ಎಂದಿತು. ಅದರ ಪಕ್ಕದಲ್ಲೇ ಬಂಗಲೆಯ ಕಾಲದಿಂದ ಕಾಮಾಕ್ಷಿಯಮ್ಮನಿಗೆ ಚೆನ್ನಾಗಿ ಗೊತ್ತಿದ್ದ ಶಬ್ದ ಇತ್ತು. “ಮಾಮಾ, ಪೂನೈ ಬಂದುಬುಟ್ಟದೆ! ಬೆಕ್ಕು!” ಎಂದು ಕೂಗಿದರು. ಬೀದಿಯ ಮಕ್ಕಳು ನಿಜವಾದ ಬೆಕ್ಕನ್ನು ನೋಡಲು ಓಡಿಬಂದರು. ಹೆಣದ ಮುಂದೆ ಹೇಳುವ ಶ್ಲೋಕದಲ್ಲಿ ಬೆಕ್ಕು ಯಾಕೆ, ಮದುವೆಯಲ್ಲಿ ಹೇಳುವುದಾದರೂ ಬೆಕ್ಕು ಯಾಕೆ ಎಂದು ಸೋಮಸುಂದರಂ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. “ಬೆಕ್ಕು ಬುಟ್ಟುಬುಡು ಮಾಮಾ, ಅಡ್ಡನೂಲು ಇಟ್ಕೋ” ಎಂದು ಕಾಮಾಕ್ಷಿಯಮ್ಮನೇ ತೀರ್ಮಾನ ಕೊಟ್ಟರು. ಪುಸ್ತಕ ಎರಡನ್ನೂ ಹೇಳುವಾಗ ಒಂದನ್ನು ಬಿಡುವ ಹಕ್ಕು ತಮಗೆ ಇದೆಯೋ ಇಲ್ಲವೋ ಎನ್ನುವುದು ಇಬ್ಬರಿಗೂ ಇನ್ನೂ ಬಗೆಹರಿದಿಲ್ಲ.

ಒಂದೊಂದಾಗಿ ಶಬ್ದ ಸಿಕ್ಕಿತು. ಕುಂಚ ಬಂತು, ಮಗ್ಗ ಬಂತು. ಎಲ್ಲವೂ ಅವರ ಮನೆಯ ಸಾಮಾನೇ. ಆದರೆ ಆ ಸಾಮಾನುಗಳ ವಿಷಯವಾಗಿ ಶ್ಲೋಕ ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎನ್ನುವುದು ಮಾತ್ರ ಕೊನೆಯ ಸಾಲಿನ ಒಂದು ಉದ್ದ ಶಬ್ದದಲ್ಲಿ ಸಿಕ್ಕಿಕೊಂಡಿತ್ತು. ನಿಷ್ಪ್ರವಾಣಿ. ಅದು ಒಂದು ತಿಳಿದರೆ ಮಿಕ್ಕದ್ದು ಜೋಡಿಸಬಹುದು ಎಂದು ಸೋಮಸುಂದರಂ ನಂಬಿದ್ದರು.

ಆ ಶಬ್ದ ಇರಬೇಕಾದ ಪುಟ ಇರಲಿಲ್ಲ.

ಇದನ್ನು ಹೇಳುವಾಗ ಕಾಮಾಕ್ಷಿಯಮ್ಮ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ‘ನಿ’ಯಿಂದ ಶುರುವಾಗುವ ಶಬ್ದಗಳು ಸಂಸ್ಕೃತದಲ್ಲಿ ಬಹಳ. ಆ ಪುಟಗಳನ್ನು ತಿರುವಿ ತಿರುವಿ ಅಂಚು ಹರಿದು ಪುಡಿಯಾಗುತ್ತಿತ್ತು. ನೇಕಾರರ ಮನೆಯಲ್ಲಿ ಸಡಿಲ ನೂಲನ್ನು ಗಟ್ಟಿ ಮಾಡುವುದು ಹೇಗೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಾಮಾಕ್ಷಿಯಮ್ಮ ಪಾವಿಗೆ ಕಾಸಿದ ಗಂಜಿಯನ್ನೇ ತೆಳ್ಳಗೆ ಮಾಡಿ, ಮೃದುವಾದ ಕುಂಚದಿಂದ ಆ ಹಾಳೆಗಳಿಗೆ ಸವರಿ ನೆರಳಲ್ಲಿ ಒಣಗಿಸಿದರು. ಹಾಳೆ ಗರಿಗರಿಯಾಗಿ ನಿಂತಿತು. ಸೋಮಸುಂದರಂ ಬೆರಳಾಡಿಸಿ, “ಒಸ ನೋಟಿನ ತರ ಅದೆ” ಎಂದು ಮೆಚ್ಚಿದರು. ಮರುದಿನ ಬೆಳಿಗ್ಗೆ ಪುಸ್ತಕ ತೆಗೆದರೆ ಗಂಜಿ ಹಾಕಿದ ಹಾಳೆಗಳು ಅಷ್ಟೂ ಇಲ್ಲ. ಅನ್ನದ ಗಂಜಿಯ ವಾಸನೆಗೆ ಇಲಿ ಬಂದಿತ್ತು. ಬೇರೆ ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ.

“ಪಾವಿಗೆ ಗಂಜಿ ಆಕಿದ್ರೆ ಗಟ್ಟಿಯಾಗ್ತದೆ. ಕಾಗದಕ್ಕೂ ಅಂಗೇ ಅಂತ ಅಂದ್ಕೊಂಡೆ. ಪಾವನ್ನ ಅವತ್ತೇ ಸುತ್ತಿ ತರಿಗೆ ಏರಿಸ್ತೀವಿ, ಇಲಿಗೆ ಸಿಕ್ಕಲ್ಲ. ಬುಕ್ಕನ್ನ ಎಲ್ಲಿಗೆ ಏರಿಸೋದು?” ಎನ್ನುತ್ತಾರೆ. “ಆ ಆಳೆ ನಾನು ಓದಿದ್ದೆ ಅಮ್ಮಿಣಿ. ಬೇರೆ ಶಬ್ದಕ್ಕೆ ಓಗೋವಾಗ ದಾರೀಲಿ ಜೋರಾಗಿ ಓದಿಕೊಂಡೇ ಓಗ್ತಿದ್ದೆ. ಓದಿದ್ದು ನಾನು, ಕೇಳಿದ್ದು ಮಾಮ. ಈಗ ಇಬ್ಬರ ಅತ್ತಿರನೂ ಇಲ್ಲೆ.”

ಕೊಯಮತ್ತೂರಿನ ಒಂದು ಹಳೆಯ ಕಾಲೇಜಿನ ಲೈಬ್ರರಿಯಲ್ಲಿ ಅದೇ ನಿಘಂಟು ಇದೆ ಎಂದು ಯಾರೋ ಹೇಳಿದರು. ಆದರೆ ಪಾವಿನ ಕೆಲಸ ಬಿಟ್ಟು ಹೋಗುವ ಹಾಗಿಲ್ಲ. ಬೀದಿಯ ಮಗ್ಗಗಳು ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ಯಾರೂ ಪಾವು ಹರಡುವುದಿಲ್ಲ. ಈ ವರ್ಷ, ಎಂದರೆ 1986ರಲ್ಲಿ, ತಮಿಳು ತಿಂಗಳು ಮಾಸಿಯ ಅಮಾವಾಸ್ಯೆಗೆ ಅವರು ತಲೆಗೆ ಎಣ್ಣೆ ಹಚ್ಚಿ, ಗಂಜಿಯ ಕಲೆಯಿಲ್ಲದ ಸೀರೆ ಉಟ್ಟು, ಕೊಯಮತ್ತೂರಿನ ಗಾಂಧಿಪುರಂಗೆ ಹೋಗುವ ಸರ್ಕಾರಿ ಚೇರನ್ ಬಸ್ಸು ಹತ್ತುತ್ತಾರೆ. ಜೊತೆಗೆ ನಾನೂ ಹೋಗುತ್ತೇನೆ. ಬೋರ್ಡ್ ಓದಲು ಒಬ್ಬರು ಬೇಕಲ್ಲ ಎನ್ನುತ್ತಾರೆ.

ಲೈಬ್ರರಿಯ ಅಟೆಂಡರ್ ಲಿಂಗಪ್ಪನ್ ಒಳ್ಳೆಯವರು. ಯಾಕೆ, ಏನು ಎಂದು ಹೆಚ್ಚು ಕೇಳದೆ ಪುಸ್ತಕ ತಂದು ಮೇಜಿನ ಮೇಲೆ ಇಡುತ್ತಾರೆ. ಕಾಮಾಕ್ಷಿಯಮ್ಮ ಅದನ್ನು ಎರಡೂ ಕೈಯಿಂದ ಮುಟ್ಟಿ ಅಂಚು ಸವರುತ್ತಾರೆ. ಅಲ್ಲಿ ನೂಲಿಲ್ಲ. ಅವರ ಮುಖ ಬಾಡುತ್ತದೆ. ಆಮೇಲೆ ಮೊದಲ ಹಾಳೆ ತೆರೆಯುತ್ತಾರೆ.

ಲಿಂಗಪ್ಪನ್ ತಮಿಳಿನಲ್ಲಿ ಮೆಲ್ಲಗೆ ಕೇಳುತ್ತಾರೆ, “ಯಾವ ಅಕ್ಷರ ಅಮ್ಮಾ? ನಡುವೆ ತೆಗೆದು ಕೊಡಲಾ?”

“ಬೇಡಂಗೊ. ನಾನೇ ನಡೆದು ಬರ್ತೀನಿ.”

ಹಾಳೆಯ ಮೇಲಿನ ಶಬ್ದವನ್ನು ಉಸಿರಿನಲ್ಲೇ ಓದಿ ದಾಟುತ್ತಾರೆ. ಒಂದೂ ಬಿಡುವುದಿಲ್ಲ. ಮಧ್ಯಾಹ್ನ ಹುಡುಗರು ಬರುತ್ತಾರೆ, ಹೋಗುತ್ತಾರೆ. ಫ್ಯಾನ್ ಗರಗರ ಎನ್ನುತ್ತದೆ. ಗಂಟೆ ಹೊಡೆದು ಕಿಟಕಿ ಮುಚ್ಚುವಾಗ ಅವರು ‘ಗ’ದಲ್ಲಿ ಇದ್ದಾರೆ. ನಿಂತ ಜಾಗಕ್ಕೆ ನೂಲು ಕಟ್ಟಲು ಸೀರೆಯ ಅಂಚಿನಿಂದ ಒಂದು ಎಳೆ ಬಿಡಿಸುತ್ತಾರೆ. “ಕಟ್ಟಬಾರದಮ್ಮಾ, ಕಾಲೇಜು ಪುಸ್ತಕ,” ಎನ್ನುತ್ತಾರೆ ಲಿಂಗಪ್ಪನ್. ಕೊನೆಗೆ ಬಸ್ ಟಿಕೆಟನ್ನು ಹಾಳೆಯ ನಡುವೆ ಇಡಲು ಒಪ್ಪುತ್ತಾರೆ. ಮುಂದಿನ ಅಮಾವಾಸ್ಯೆಯವರೆಗೆ ಅದನ್ನು ಯಾರೂ ತೆಗೆಯದ ಹಾಗೆ ನೋಡಿಕೊಳ್ಳುತ್ತೇನೆ ಎಂದೂ ಹೇಳುತ್ತಾರೆ.

ಮುಂದಿನ ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇರುವಾಗ ಬೀದಿಯಲ್ಲಿ ಸಾವಾಗುತ್ತದೆ. ನೇಕಾರ ಕುಪ್ಪುಸಾಮಿಯ ತಾಯಿ. ವಯಸ್ಸಾದ ಜೀವ, ನಿದ್ದೆಯಲ್ಲೇ ಹೋಗಿದ್ದಾರೆ. ಕುಪ್ಪುಸಾಮಿ ಬೆಳಿಗ್ಗೆಯೇ ಸೋಮಸುಂದರಂ ಜಗಲಿಗೆ ಬರುತ್ತಾನೆ.

“ಮಾಮಾ, ಅವ್ವೆ ಓಗ್ಬುಟ್ಟಳು. ನೀವು ಬರಬೇಕು.”

“ಬರ್ತೀನಪ್ಪಾ. ಬಂದು ಕೂರ್ತೀನಿ. ಆದ್ರೆ ಅದು ಯೋಳಲ್ಲ.”

“ಯಾಕೆ? ನಮ್ಮವ್ವೆ ಏನು ಪಾಪ ಮಾಡಿದ್ಲು?”

“ನಿಮ್ಮವ್ವೆ ಏನೂ ಮಾಡಲಿಲ್ಲ. ನಾನು ಏನು ಮಾಡ್ತಿದ್ದೀನಿ ಅಂತ ನಂಗೆ ಗೊತ್ತಿಲ್ಲೆ. ಗೊತ್ತಾಗದೆ ಇನ್ನೊಂದು ಸಲ ಬಾಯಿ ತೆಗೆಯಲ್ಲ.”

ಕುಪ್ಪುಸಾಮಿ ಕಾಮಾಕ್ಷಿಯಮ್ಮನನ್ನು ನೋಡುತ್ತಾನೆ. “ಎಲ್ಲಾ ಈ ಬುಕ್ಕಿನ ವೇಲೆ,” ಎಂದು ಹೊರಟುಹೋಗುತ್ತಾನೆ. ಈ ಬೀದಿಯಲ್ಲಿ ಮೊದಲ ಸಲ ಒಂದು ದೇಹಕ್ಕೆ ಶ್ಲೋಕವಿಲ್ಲದೆ ಬಟ್ಟೆ ಹೊದಿಸುತ್ತಾರೆ. ಸೋಮಸುಂದರಂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಾರೆ, ತುಟಿ ಬಿಗಿಹಿಡಿದಿದ್ದಾರೆ. ಹೊದಿಸುವವರ ಕೈ ಒಂದು ಕ್ಷಣ ತಡೆದು ನಿಲ್ಲುತ್ತದೆ. ಎಲ್ಲರೂ ಅವರ ಕಡೆ ನೋಡುತ್ತಾರೆ. ತಮ್ಮನ್ನು ಎಲ್ಲರೂ ನೋಡುತ್ತಿರುವುದು ಅವರಿಗೆ ಕಾಣುವುದಿಲ್ಲ, ಆದರೆ ಗೊತ್ತಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮರುದಿನ ನಲ್ಲಿಯ ಹತ್ತಿರ ಮಾತು ಶುರುವಾಗುತ್ತದೆ. ಸೋಮಸುಂದರಂ ಸೊಸೆ ಸುಶೀಲ ಕೊಡ ಇಟ್ಟು ಎಲ್ಲರಿಗೂ ಕೇಳುವ ಹಾಗೆ, “ಇಲಿ ಆಳೆ ತಿಂತು, ದೊರೆಸಾನಿ ಮಂತ್ರ ತಿಂದ್ಲು” ಎನ್ನುತ್ತಾರೆ. ಕಾಮಾಕ್ಷಿಯಮ್ಮ ಕೊಡ ಎತ್ತಿಕೊಂಡು ಹೊರಡುತ್ತಾರೆ. ಆ ದಿನ ಪಾವಿನ ಎದುರು ಬದಿಯಲ್ಲಿ ಕುಂಚ ಹಿಡಿಯಲು ಯಾರೂ ಬರುವುದಿಲ್ಲ. ಎರಡೂ ಬದಿಗೆ ಅವರೇ ನಡೆಯುತ್ತಾರೆ. ತುಟಿ ಅಲ್ಲಾಡುತ್ತಿಲ್ಲ.

“ಉಡುಕಿದ್ದೇ ತಪ್ಪಾ ಅಮ್ಮಿಣಿ?” ಎಂದು ಕೇಳುತ್ತಾರೆ. “ಗೊತ್ತಿಲ್ಲದೆ ಯೋಳ್ತಿದ್ದಾಗ ಎಲ್ಲಾ ನೆಮ್ಮದಿಯಾಗಿ ಓಗ್ತಿದ್ರು. ಈಗ ಅರ್ಧ ಗೊತ್ತು. ಅರ್ಧ ಗೊತ್ತಾದ್ರೆ ಬಾಯೇ ಬರಲ್ಲ. ಒಳ್ಳೇದು ಬಂದ್ರೆ ಸರಿ. ಆ ಪುರೋಹಿತ ಯೋಳಿದ ಅಂಗೇ ಬಂದ್ರೆ ಏನು ಮಾಡೋದು? ನಾನು ಓದಿ ಯೋಳಬೇಕಾ, ಇಲ್ಲೆ ಸಿಕ್ಕಲಿಲ್ಲ ಅಂತ ಯೋಳಬೇಕಾ?” ಆಮೇಲೆ ಕುಂಚ ಎತ್ತಿಕೊಳ್ಳುತ್ತಾರೆ.

ಮುಂದಿನ ತಿಂಗಳ, ಪಂಗುನಿಯ ಅಮಾವಾಸ್ಯೆಯಂದು ಲಿಂಗಪ್ಪನ್ ಪುಸ್ತಕವನ್ನು ಮೊದಲೇ ತೆಗೆದಿಟ್ಟಿದ್ದಾರೆ. ಟಿಕೆಟು ಇದ್ದಲ್ಲೇ ಇದೆ. ‘ಗ’ದಿಂದ ಕಾಮಾಕ್ಷಿಯಮ್ಮ ಮತ್ತೆ ನಡೆಯಲು ಶುರುಮಾಡುತ್ತಾರೆ. ‘ಚ’ ಸಾಲು, ‘ಟ’ ಸಾಲು, ‘ತ’ ಸಾಲು. ‘ತಂತು’ ಬಂದಾಗ ಬೆರಳು ನಿಂತು, ಈ ಪುಸ್ತಕದಲ್ಲೂ ಆ ಮೀನು ಇದೆಯೇ ಎಂದು ನೋಡುತ್ತದೆ. ಇದೆ. ಊಟದ ಹೊತ್ತು ದಾಟಿದ ಮೇಲೆ ‘ನ’ ಬರುತ್ತದೆ, ‘ನಿ’ ಬರುತ್ತದೆ. ಇಲಿ ತಿಂದ ಹಾಳೆಗಳು ಇಲ್ಲಿ ಒಂದರ ಹಿಂದೆ ಒಂದು ಕೂತಿವೆ. ಅವರು ನಿಧಾನ ಮಾಡುತ್ತಾರೆ. ಬೆರಳು ಸಾಲುಸಾಲಾಗಿ ಇಳಿಯುತ್ತದೆ. ಪುಟದ ನಡುವೆ, ಸಣ್ಣ ಅಕ್ಷರದ ಒಂದು ಶಬ್ದದ ಮೇಲೆ ನಿಲ್ಲುತ್ತದೆ.

ಓದುತ್ತಾರೆ. ಮತ್ತೆ ಓದುತ್ತಾರೆ. ಪುಸ್ತಕ ಮುಚ್ಚಿ ಎದ್ದು, “ಓಗೋಣ. ಮೊದಲು ಮಾಮ ಕೇಳಬೇಕು,” ಎನ್ನುತ್ತಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಅದನ್ನೇ ಬಾಯಲ್ಲಿ ತಿರುಗಿಸುತ್ತಿದ್ದಾರೆ. ಪಕ್ಕದ ಹೆಂಗಸು ಜಪ ಮಾಡುತ್ತಿದ್ದಾರೆಂದು ತಿಳಿದು ಸರಿದು ಜಾಗ ಕೊಡುತ್ತಾರೆ.

ಸೋಮಸುಂದರಂ ಜಗಲಿಯಲ್ಲೇ ಕಾದಿದ್ದಾರೆ. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿ ಮಣೆಯ ಮೇಲೆ ಇಟ್ಟಿದ್ದಾರೆ. ಹೆಜ್ಜೆ ಸದ್ದಿಗೆ ತಲೆ ಎತ್ತುತ್ತಾರೆ.

“ಸಿಕ್ತಾ?”

ಕಾಮಾಕ್ಷಿಯಮ್ಮ ನಿಂತೇ, ಬಂಗಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈ ಕಟ್ಟಿ ಹೇಳುತ್ತಾರೆ: “ಫ್ರೆಶ್ ಫ್ರಮ್ ದಿ ಲೂಮ್. ಕ್ವೈಟ್ ನ್ಯೂ.”

ಮಗ್ಗದಿಂದ ಆಗಷ್ಟೇ ಇಳಿದದ್ದು, ಹೊಚ್ಚ ಹೊಸದು. ಸೋಮಸುಂದರಂ ಅದನ್ನು ತಾವೂ ಒಮ್ಮೆ ಹೇಳಿಕೊಳ್ಳುತ್ತಾರೆ. “ಇಷ್ಟೇಯಾ?” ಎನ್ನುತ್ತಾರೆ. “ಮಿಕ್ಕದ್ದು?”

“ಇಷ್ಟೇ ಮಾಮಾ. ಬೆಕ್ಕು ಮೀನು ಒಂದೂ ಇಲ್ಲೆ.”

“ಯಾವುದು ಒಸದು? ಯಾರು ಒಸಬರು?” ಅವರ ಹಣೆ ಗಂಟಾಗಿದೆ.

ಒಳಗೆ ಒಲೆಯ ಮುಂದಿನಿಂದ ಸುಶೀಲ ಹೇಳುತ್ತಾರೆ, “ಅಂದ್ರೆ ಕೋಡಿ. ತರಿಯಿಂದ ಇಳಿದ ಒಸ ಬಟ್ಟೆಗೆ ಏನಂತಾರೆ? ಕೋಡಿ ತಾನೆ? ಇದಕ್ಕಾ ಎರಡು ಅಮಾಸೆ ಬಸ್ ಅತ್ತಿ ಓಗಿದ್ದು?”

ಸೋಮಸುಂದರಂ ಬಾಯಿ ಅರ್ಧ ತೆರೆದೇ ಇದೆ. ಸುಶೀಲ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ತಾನು ಏನಾದರೂ ತಪ್ಪು ಹೇಳಿದೆನೋ ಎಂದು ನೋಡುತ್ತಾರೆ.

“ಮದುವೆ ಎಣ್ಣಿಗೆ ಕೊಡೋ ಸೀರೆಯೂ ಕೋಡಿ,” ಎನ್ನುತ್ತಾರೆ ಸೋಮಸುಂದರಂ. “ಸತ್ತೋರಿಗೆ ಮುಚ್ಚೋದೂ ಕೋಡಿ. ಶ್ಲೋಕ ಮದುವೆದೂ ಅಲ್ಲ, ಸಾವಿಂದೂ ಅಲ್ಲ. ಬಟ್ಟೆದು. ನಮ್ಮ ಬಟ್ಟೆದು.” ಆಮೇಲೆ ಒಳಗಿನ ಕತ್ತಲೆಯ ಕಡೆ, ಹೆಂಡತಿಯ ಪಟ ಇರುವ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಾರೆ.

ಆ ಪುರೋಹಿತರು ಹೇಳಿದ್ದು ಹಾಗಾದರೆ ಏನು, ಅವರಿಗೆ ಬೇರೆ ಏನಾದರೂ ಗೊತ್ತಿತ್ತೋ, ತಂತು ಎನ್ನುವುದು ನೂಲೇ ಹೌದೋ ಎಂದು ಇನ್ನೂ ಎಷ್ಟೋ ಉಳಿದಿದೆ. ಸೋಮಸುಂದರಂ ಅದನ್ನೂ ಬಲ್ಲರು. “ಅದೆಲ್ಲಾ ಆಮೇಲೆ ಉಡುಕೋಣ. ಈಗ ಬಾಯಿ ತೆಗೆಯಬಹುದು,” ಎನ್ನುತ್ತಾರೆ.

ಕುಪ್ಪುಸಾಮಿಯ ತಾಯಿಯ ಹದಿನಾರನೇ ದಿನದ ಕಾರ್ಯ. ಅವತ್ತು ನೆಂಟರು ಸತ್ತವರ ಮಕ್ಕಳಿಗೆ ಹೊಸ ಬಟ್ಟೆ ಕೊಡುವ ಪದ್ಧತಿ. ಸೋಮಸುಂದರಂ ಯಾರೂ ಕರೆಯದೆ ಹೋಗುತ್ತಾರೆ. ಕಾಮಾಕ್ಷಿಯಮ್ಮ ಅವರ ಕೈ ಹಿಡಿದು ನಡೆಸುತ್ತಾರೆ. ತಟ್ಟೆಯಲ್ಲಿ ಮಡಿಸಿಟ್ಟ ಬಟ್ಟೆಯನ್ನು ಸೋಮಸುಂದರಂ ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಗಂಜಿಯ ಗರಿ ಇನ್ನೂ ಇದೆ.

“ಕುಪ್ಪುಸಾಮಿ, ನಿಮ್ಮವ್ವೆಗೆ ಅವತ್ತು ಬಾಕಿ ಉಳಿಸಿದ್ದೆ. ಈಗ ಯೋಳಲಾ?”

ಕುಪ್ಪುಸಾಮಿ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿ ಕೈ ಮುಗಿದು ನಿಲ್ಲುತ್ತಾನೆ. ಸೋಮಸುಂದರಂ ನಾಲ್ಕೂ ಸಾಲು ಹೇಳುತ್ತಾರೆ, ಯಾವತ್ತಿಗಿಂತ ನಿಧಾನವಾಗಿ, ಒಂದೊಂದು ಶಬ್ದವನ್ನೂ ಮುಟ್ಟಿ ನೋಡುವ ಹಾಗೆ. ‘ಓತು’ ಬಂದಾಗ ಅವರ ದನಿ ಒಂದಿಷ್ಟು ತಡವರಿಸುತ್ತದೆ. ಬೆಕ್ಕು ನೆನಪಾಗಿರಬೇಕು. ಕಾಮಾಕ್ಷಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೊನೆಯ ಸಾಲಿನ ಉದ್ದ ಶಬ್ದ ಬರುವ ಹೊತ್ತಿಗೆ ಅದೇ ಸೆರಗು ಕಣ್ಣಿಗೆ ಹೋಗಿರುತ್ತದೆ.

ಮರುದಿನ ಬೆಳಗಿನ ಪಾವಿಗೆ ಎದುರು ಬದಿಯ ಕುಂಚ ಹಿಡಿದವರು ಸುಶೀಲ. “ನೆಟ್ಟಗೆ ಎಳಿ, ನಿದ್ದೆ ಮಾಡಬೇಡ,” ಎಂದು ಕಾಮಾಕ್ಷಿಯಮ್ಮನಿಗೆ ಗದರುತ್ತಾರೆ. ನಿಘಂಟಿನಲ್ಲಿ ಇನ್ನೇನು ಹುಡುಕಬೇಕೆಂದು ಕೇಳಿದರೆ ಕಾಮಾಕ್ಷಿಯಮ್ಮ ಗಂಜಿ ಮೆತ್ತಿದ ಕೈಯನ್ನು ನೂಲಿನ ಮೇಲೆ ಆಡಿಸುತ್ತ ನಡೆಯುತ್ತಾರೆ. ತುದಿ ಮುಟ್ಟಿ ತಿರುಗುವಾಗ ಹೇಳುತ್ತಾರೆ:

“ನಮ್ಮೆಜಮಾನ್ರಿಗೆ ಅವತ್ತು ಮಾಮ ಯೋಳಿದ್ದು ನಾನು ಗಂಜಿ ಆಕಿದ ಬಟ್ಟೆ ವಿಷಯ. ಅಷ್ಟು ಗೊತ್ತಾಯ್ತಲ್ಲ, ಸಾಕು. ಇನ್ನೊಂದೇ ಆಸೆ ಅಮ್ಮಿಣಿ. ಆ ಕಾಲೇಜು ಬುಕ್ಕಿಗೂ ನೂಲು ಕಟ್ಟಕ್ಕೆ ಬುಟ್ರೆ ಚೆನ್ನಾಗಿತ್ತು. ನನ್ನಂಗೆ ಇನ್ನು ಯಾರು ಬರ್ತಾರೋ. ಅವರು ಮೊದಲ ಆಳೆಯಿಂದ ನಡೆದು ಬರೋದು ಬೇಡ.”